ಕಾಮಕಥನ: ಮುಚ್ಚುಮರೆಯಿಂದ ಮಾರಾಟದ ಮುಂಚೂಣಿಗೆ

2012ರ ಡಿಸೆಂಬರ್ ತಿಂಗಳಿನಲ್ಲಿ ರ‍್ಯಾಂಡಮ್ ಹೌಸ್ ಪ್ರಕಾಶನ ಸಂಸ್ಥೆಯು ಅಮೆರಿಕದಲ್ಲಿನ ತನ್ನ ನೌಕರರಿಗೆ ತಲಾ 5,000 ಡಾಲರ್ ಬೋನಸ್ ಪ್ರಕಟಿಸಿತು. ಹಿರಿಯ ಸಂಪಾದಕರಿಂದ ಹಿಡಿದು ಗೋದಾಮಿನಲ್ಲಿ ಪುಸ್ತಕದ ಕಟ್ಟು ಹೊರುವವರವರೆಗೆ ಎಲ್ಲರಿಗೂ ಒಂದೇ ಮೊತ್ತ. ಈ ಔದಾರ್ಯಕ್ಕೆ ಕಾರಣವಾದದ್ದು ನೊಬೆಲ್ ವಿಜೇತ ಕೃತಿಯಲ್ಲ, ರಾಷ್ಟ್ರಾಧ್ಯಕ್ಷರ ಆತ್ಮಕಥೆಯೂ ಅಲ್ಲ. ಲಂಡನ್ ನಿವಾಸಿ ಗೃಹಿಣಿಯೊಬ್ಬರು ಬರೆದ ಮೂರು ಸಂಪುಟಗಳ ಕಾಮಕಥನ 'ಫಿಫ್ಟಿ ಶೇಡ್ಸ್ ಆಫ್ ಗ್ರೇ'.

ಕಾಮವನ್ನೇ ಕೇಂದ್ರವಾಗಿರಿಸಿಕೊಂಡ ಕಾದಂಬರಿಗಳು ಹೊಸತೇನಲ್ಲ. ಅವು ಯಾವ ಅಂಗಡಿಯಲ್ಲಿ, ಯಾರ ಕೈಯಲ್ಲಿ, ಎಷ್ಟು ಬಹಿರಂಗವಾಗಿ ಕಾಣಿಸಿಕೊಳ್ಳುತ್ತವೆ ಎಂಬುದಷ್ಟೇ ಬದಲಾಗಿದೆ. ಬಸ್ ನಿಲ್ದಾಣದ ಪುಸ್ತಕದಂಗಡಿಯಲ್ಲಿ ಪತ್ರಿಕೆಗಳ ಅಡಿಯಲ್ಲಿ ಅಡಗಿರುತ್ತಿದ್ದ, ಕಾಗದದಲ್ಲಿ ಸುತ್ತಿ ಕೊಡಲಾಗುತ್ತಿದ್ದ ಸರಕು ಇಂದು ಸೂಪರ್ ಮಾರ್ಕೆಟ್‌ಗಳಲ್ಲಿ ಸೋಪು, ಬಿಸ್ಕತ್ತುಗಳ ಪಕ್ಕದಲ್ಲಿ ಕುಳಿತಿದೆ. ಕೊಳ್ಳುವವರಲ್ಲಿ ಮಹಿಳೆಯರೇ ಹೆಚ್ಚು ಎಂಬುದು ಈ ಬೆಳವಣಿಗೆಯ ಪ್ರಮುಖ ಲಕ್ಷಣ.

ಅಭಿಮಾನಿಯ ಕಥೆ ಉದ್ಯಮವಾದದ್ದು

ಇ.ಎಲ್. ಜೇಮ್ಸ್ ಎಂಬುದು ಎರಿಕಾ ಲಿಯೊನಾರ್ಡ್ ಅವರ ಕಾವ್ಯನಾಮ. ಟೆಲಿವಿಷನ್ ಕ್ಷೇತ್ರದಲ್ಲಿ ದುಡಿದಿದ್ದ ಆಕೆ ಸ್ಟೆಫನಿ ಮೇಯರ್ ಅವರ 'ಟ್ವೈಲೈಟ್' ಕಾದಂಬರಿ ಸರಣಿಯ ಪಾತ್ರಗಳನ್ನೇ ಬಳಸಿಕೊಂಡು, ಸಹ ಅಭಿಮಾನಿಗಳಿಗಾಗಿ ಅಂತರ್ಜಾಲದಲ್ಲಿ ಕಂತುಕಂತಾಗಿ ಬರೆಯತೊಡಗಿದರು. ಅದರಲ್ಲಿನ ಶೃಂಗಾರದ ಪ್ರಮಾಣ ಆಕ್ಷೇಪಕ್ಕೆ ಗುರಿಯಾದಾಗ ಕಥೆಯನ್ನು ಬೇರೆಡೆಗೆ ಸಾಗಿಸಿ, ಪಾತ್ರಗಳ ಹೆಸರು ಬದಲಿಸಿ ಸ್ವತಂತ್ರ ಕೃತಿಯನ್ನಾಗಿ ಮಾಡಿದರು. 2011ರಲ್ಲಿ ಆಸ್ಟ್ರೇಲಿಯದ ಪುಟ್ಟ ಪ್ರಕಾಶನವೊಂದು ಅದನ್ನು ಇ-ಪುಸ್ತಕವಾಗಿಯೂ, ಬೇಡಿಕೆ ಬಂದಾಗ ಮಾತ್ರ ಮುದ್ರಿಸುವ ಪ್ರತಿಯಾಗಿಯೂ ಹೊರತಂದಿತು. ಜಾಹೀರಾತಿಗೆ ಹಣವಿರಲಿಲ್ಲ. ಬಾಯಿಂದ ಬಾಯಿಗೆ ಹರಡಿದ ಸುದ್ದಿಯೇ ಪ್ರಚಾರವಾಯಿತು. 2012ರಲ್ಲಿ ರ‍್ಯಾಂಡಮ್ ಹೌಸ್‌ನ ಅಂಗವಾದ ವಿಂಟೇಜ್ ಹಕ್ಕುಗಳನ್ನು ಖರೀದಿಸಿತು. 2014ರ ಆರಂಭದ ಹೊತ್ತಿಗೆ ಮೂರು ಸಂಪುಟಗಳ ಒಟ್ಟು ಮಾರಾಟ 10 ಕೋಟಿ ಪ್ರತಿಗಳನ್ನು ದಾಟಿತ್ತು.

ವಿಮರ್ಶಕರು ಈ ಕೃತಿಯ ಭಾಷೆಯನ್ನು ಲೇವಡಿ ಮಾಡಿದರು. ಅದರಲ್ಲಿ ಅನ್ಯಾಯವೇನೂ ಇಲ್ಲ. ಒಂದೇ ಉದ್ಗಾರ ಪುಟಪುಟಕ್ಕೂ ಮರುಕಳಿಸುವ ಬರವಣಿಗೆ ಅದು. ಅದಕ್ಕಿಂತ ಗಂಭೀರವಾದ ಆಕ್ಷೇಪ ಬೇರೆಯದು. ಆಗರ್ಭ ಶ್ರೀಮಂತ ನಾಯಕ ನಾಯಕಿಯ ಊಟ, ಉಡುಪು, ಗೆಳೆತನಗಳನ್ನೆಲ್ಲ ನಿಯಂತ್ರಿಸುವುದನ್ನು ಪ್ರೇಮವೆಂದು ಬಿಂಬಿಸುವುದು ದೌರ್ಜನ್ಯಕ್ಕೆ ರೇಷ್ಮೆ ಹೊದಿಸಿದಂತೆ ಎಂದು ಮಹಿಳಾ ಸಂಘಟನೆಗಳು ಟೀಕಿಸಿದವು. ಕಾದಂಬರಿಯಲ್ಲಿ ವರ್ಣಿತವಾದ ಬಗೆಯ ಸಂಬಂಧಗಳಲ್ಲಿ ಇರುವವರೇ, ಪರಸ್ಪರ ಸಮ್ಮತಿಯ ನಿಯಮಗಳನ್ನು ಲೇಖಕಿ ತಪ್ಪಾಗಿ ಚಿತ್ರಿಸಿದ್ದಾರೆಂದು ದೂರಿದರು. ಅಮೆರಿಕದ ಫ್ಲಾರಿಡಾ ರಾಜ್ಯದ ಬ್ರೆವಾರ್ಡ್ ಕೌಂಟಿಯ ಸಾರ್ವಜನಿಕ ಗ್ರಂಥಾಲಯಗಳು 2012ರಲ್ಲಿ ಪುಸ್ತಕವನ್ನು ಕಪಾಟಿನಿಂದ ತೆಗೆದವು, ಓದುಗರ ಪ್ರತಿಭಟನೆಯ ನಂತರ ಕೆಲವೇ ವಾರಗಳಲ್ಲಿ ಮತ್ತೆ ಇರಿಸಿದವು.

ಜೇಮ್ಸ್ ಅವರಿಗೂ ಮುನ್ನ ದಾರಿ ಸಿದ್ಧವಾಗಿತ್ತು. ಫ್ರೆಂಚ್ ಮೂಲದ ಲೇಖಕಿ ಅನಾಯಿಸ್ ನಿನ್ 1940ರ ದಶಕದಲ್ಲಿ ಅನಾಮಿಕ ಸಂಗ್ರಾಹಕನೊಬ್ಬನಿಗಾಗಿ ಹಣಕ್ಕೆ ಬರೆದುಕೊಟ್ಟಿದ್ದ ಕಥೆಗಳು ಆಕೆ ತೀರಿಕೊಂಡ ವರ್ಷವಾದ 1977ರಲ್ಲಿ 'ಡೆಲ್ಟಾ ಆಫ್ ವೀನಸ್' ಹೆಸರಿನಲ್ಲಿ ಪ್ರಕಟಗೊಂಡು ಜನಪ್ರಿಯವಾದವು. 1993ರಲ್ಲಿ ಬ್ರಿಟನ್ನಿನ ವರ್ಜಿನ್ ಸಂಸ್ಥೆ, ಮಹಿಳೆಯರಿಗಾಗಿ ಮಹಿಳೆಯರೇ ಬರೆಯುವ 'ಬ್ಲ್ಯಾಕ್ ಲೇಸ್' ಮಾಲೆಯನ್ನು ಆರಂಭಿಸಿತು. 2000ದಲ್ಲಿ ಅಮೆರಿಕದ ಒಹಾಯೊದಲ್ಲಿ ಹುಟ್ಟಿದ 'ಎಲ್ಲೋರಾಸ್ ಕೇವ್' ಎಂಬ ಪ್ರಕಾಶನ ಇ-ಪುಸ್ತಕಗಳನ್ನೇ ನೆಚ್ಚಿಕೊಂಡು ಬೆಳೆಯಿತು. ನಮ್ಮ ಎಲ್ಲೋರದ ಹೆಸರು ಅಲ್ಲಿಗೆ ಹೇಗೋ ತಲುಪಿದೆ! ಸ್ವಯಂಪ್ರಕಟಣೆಯ ಪ್ರವಾಹದಲ್ಲಿ ಸ್ಪರ್ಧಿಸಲಾರದೆ ಆ ಸಂಸ್ಥೆ 2016ರಲ್ಲಿ ಬಾಗಿಲು ಹಾಕಿತು.

ಇ-ಪುಸ್ತಕದ ಪಾತ್ರವನ್ನು ಕಡೆಗಣಿಸುವಂತಿಲ್ಲ. 2007ರಲ್ಲಿ ಅಮೆಜಾನ್ ಕಿಂಡಲ್ ಮಾರುಕಟ್ಟೆಗೆ ಬಂದಾಗ ಅದರ ಅನುಕೂಲವೆಂದು ಸಂಸ್ಥೆ ಸಾರಿದ್ದು ಹಗುರ ತೂಕ ಮತ್ತು ಪುಸ್ತಕಗಳ ಸಂಗ್ರಹವನ್ನು. ಓದುಗರು ಕಂಡುಕೊಂಡ ಅನುಕೂಲ ಇನ್ನೊಂದಿತ್ತು: ಅದಕ್ಕೆ ರಕ್ಷಾಪುಟವಿಲ್ಲ. ರೈಲಿನಲ್ಲಿ ಎದುರು ಕುಳಿತವರಿಗಾಗಲೀ, ಮನೆಯಲ್ಲಿ ಅತ್ತೆಗಾಗಲೀ ಏನು ಓದುತ್ತಿರುವರೆಂದು ತಿಳಿಯದು. ಅಂಗಡಿಯವನ ಓರೆನೋಟವನ್ನು ಎದುರಿಸಬೇಕಿಲ್ಲ. ಆದರೆ ಕಾವಲಿಲ್ಲದ ಬಾಗಿಲಿನಲ್ಲಿ ಕಸವೂ ನುಗ್ಗಿತು. ಅತ್ಯಾಚಾರ, ರಕ್ತಸಂಬಂಧಿಗಳ ಲೈಂಗಿಕತೆಯನ್ನು ವೈಭವೀಕರಿಸುವ ಸ್ವಯಂಪ್ರಕಟಿತ ಶೀರ್ಷಿಕೆಗಳು ಮಕ್ಕಳ ಪುಸ್ತಕಗಳ ಜತೆಯಲ್ಲೇ ಕಾಣಿಸಿಕೊಳ್ಳುತ್ತಿವೆ ಎಂಬ ವರದಿಗಳು 2013ರ ಅಕ್ಟೋಬರ್‌ನಲ್ಲಿ ಬಂದಾಗ, ಬ್ರಿಟನ್ನಿನ ಡಬ್ಲ್ಯು.ಎಚ್. ಸ್ಮಿತ್ ತನ್ನ ಇಡೀ ಜಾಲತಾಣವನ್ನೇ ತಾತ್ಕಾಲಿಕವಾಗಿ ಮುಚ್ಚಬೇಕಾಯಿತು.

ನ್ಯಾಯಾಲಯದ ಕಟಕಟೆಯಲ್ಲಿ

ಡಿ.ಎಚ್. ಲಾರೆನ್ಸ್ 'ಲೇಡಿ ಚ್ಯಾಟರ್ಲೀಸ್ ಲವರ್' ಕಾದಂಬರಿಯನ್ನು 1928ರಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ಖಾಸಗಿಯಾಗಿ ಮುದ್ರಿಸಿದ್ದರು. ಅದರ ಅಖಂಡ ಆವೃತ್ತಿಯನ್ನು ಪೆಂಗ್ವಿನ್ ಸಂಸ್ಥೆ 1960ರಲ್ಲಿ ಹೊರತರಲು ಮುಂದಾದಾಗ ಲಂಡನ್ನಿನಲ್ಲಿ ಮೊಕದ್ದಮೆ ನಡೆಯಿತು. ನಿಮ್ಮ ಹೆಂಡತಿಯೋ ಆಳುಗಳೋ ಓದಲೆಂದು ನೀವು ಬಯಸುವ ಪುಸ್ತಕವೇ ಇದು ಎಂದು ಸರ್ಕಾರಿ ವಕೀಲರು ತೀರ್ಪುಗಾರರನ್ನು ಪ್ರಶ್ನಿಸಿದರು. ಆ ತೀರ್ಪುಗಾರರಲ್ಲಿ ಮಹಿಳೆಯರೂ ಇದ್ದರು. ಪೆಂಗ್ವಿನ್ ಗೆದ್ದಿತು. ಮಾರಾಟದ ಮೊದಲ ದಿನವೇ 2 ಲಕ್ಷ ಪ್ರತಿಗಳು ಖರ್ಚಾದವು.

ಭಾರತದಲ್ಲಿ ಅದೇ ಪುಸ್ತಕದ ಗತಿ ಬೇರೆಯಾಯಿತು. ಅದನ್ನು ಮಾರಾಟಕ್ಕಿರಿಸಿದ್ದ ಮುಂಬಯಿಯ ಪುಸ್ತಕ ವ್ಯಾಪಾರಿ ರಂಜಿತ್ ಉದೇಶಿ ಅವರ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 1964ರಲ್ಲಿ ಎತ್ತಿಹಿಡಿಯಿತು. ಇಂಗ್ಲೆಂಡಿನ 1868ರ 'ಹಿಕ್ಲಿನ್' ಮಾನದಂಡವೇ ಇದಕ್ಕೆ ಆಧಾರ. ದುರ್ಬಲ ಮನಸ್ಸುಗಳನ್ನು ಕೆಡಿಸುವ ಪ್ರವೃತ್ತಿ ಬರಹದಲ್ಲಿದೆಯೇ ಎಂಬುದಷ್ಟೇ ಅದರ ಪ್ರಶ್ನೆ. ಬಂಗಾಳಿ ಲೇಖಕ ಸಮರೇಶ್ ಬಸು ಅವರ 'ಪ್ರಜಾಪತಿ' ಕಾದಂಬರಿಯ ಪ್ರಕರಣದಲ್ಲಿ 1985ರಲ್ಲಿ ಅದೇ ನ್ಯಾಯಾಲಯ, ಒರಟುತನ ಬೇರೆ, ಅಶ್ಲೀಲತೆ ಬೇರೆ ಎಂದು ಹೇಳಿ ಲೇಖಕರನ್ನು ದೋಷಮುಕ್ತಗೊಳಿಸಿತು. ಹಿಕ್ಲಿನ್ ಮಾನದಂಡವನ್ನು ಕೈಬಿಟ್ಟು, ಇಡೀ ಕೃತಿಯನ್ನು ಸಮಕಾಲೀನ ಸಮಾಜದ ದೃಷ್ಟಿಯಿಂದ ಅಳೆಯಬೇಕೆಂದು ಸ್ಪಷ್ಟವಾಗಿ ಹೇಳಿದ್ದು 2014ರ ಅವೀಕ್ ಸರ್ಕಾರ್ ಪ್ರಕರಣದಲ್ಲಿ. ಬ್ರಿಟನ್ 1959ರಲ್ಲೇ ಕಾನೂನು ಬದಲಿಸಿಕೊಂಡಿತ್ತು.

ನಂಜನಗೂಡಿನ ನಂಟು

ಮಹಿಳೆ ಕಾಮವನ್ನು ಕುರಿತು ಬರೆಯುವುದು, ಮಹಿಳೆ ಅದನ್ನು ಓದುವುದು ಪಶ್ಚಿಮದ ಗಾಳಿ ಎಂಬ ಮಾತು ಆಗಾಗ ಕೇಳಿಬರುತ್ತದೆ. ಇದಕ್ಕೆ ಉತ್ತರ ಕರ್ನಾಟಕದವರೇ ಆದ ಬೆಂಗಳೂರು ನಾಗರತ್ನಮ್ಮನವರ ಬದುಕಿನಲ್ಲಿದೆ. 1878ರಲ್ಲಿ ನಂಜನಗೂಡಿನಲ್ಲಿ ಜನಿಸಿ, ದೇವದಾಸಿ ಪರಂಪರೆಯಲ್ಲಿ ಬೆಳೆದು, ಮದರಾಸಿನಲ್ಲಿ ಗಾಯಕಿಯಾಗಿ ಹೆಸರು ಮಾಡಿದ ಆಕೆಯನ್ನು ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದವರೆಂದು ಸಂಗೀತ ರಸಿಕರು ಬಲ್ಲರು. ಪುಸ್ತಕಕ್ಕಾಗಿ ಆಕೆ ನಡೆಸಿದ ಹೋರಾಟ ಅಷ್ಟಾಗಿ ಪರಿಚಿತವಲ್ಲ.

18ನೇ ಶತಮಾನದಲ್ಲಿ ತಂಜಾವೂರಿನ ಮರಾಠ ದೊರೆ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಗಣಿಕೆ ಮುದ್ದುಪಳನಿ ತೆಲುಗಿನಲ್ಲಿ ರಚಿಸಿದ ಕಾವ್ಯ 'ರಾಧಿಕಾ ಸಾಂತ್ವನಮು'. ತಾನೇ ಸಾಕಿ ಬೆಳೆಸಿದ ಇಳೆಯನ್ನು ಕೃಷ್ಣನಿಗೆ ಮದುವೆ ಮಾಡಿಕೊಟ್ಟ ರಾಧೆ ನಂತರ ಅಸೂಯೆಯಲ್ಲಿ ಬೇಯುವುದು, ಕೃಷ್ಣ ಅವಳನ್ನು ಸಮಾಧಾನಪಡಿಸುವುದು ಇದರ ವಸ್ತು. ಹೆಣ್ಣಿನ ಬಯಕೆಯನ್ನು ಹೆಣ್ಣೇ ಸಂಕೋಚವಿಲ್ಲದೆ ಹೇಳಿದ ಕಾವ್ಯವಿದು. ಅಚ್ಚಾದ ಪ್ರತಿಯಲ್ಲಿ ಭಾಗಗಳನ್ನು ಕೈಬಿಟ್ಟಿರುವುದನ್ನು ಗಮನಿಸಿದ ನಾಗರತ್ನಮ್ಮ, ಹಸ್ತಪ್ರತಿ ಹುಡುಕಿಸಿ 1910ರಲ್ಲಿ ಸಮಗ್ರ ಪಾಠವನ್ನು ಪ್ರಕಟಿಸಿದರು. ಸಮಾಜ ಸುಧಾರಕ ಕಂದುಕೂರಿ ವೀರೇಶಲಿಂಗಂ ಪಂತುಲು ಇದರ ಭಾಗಗಳು ಸ್ತ್ರೀಯರು ಕೇಳಲೂ ಬಾರದಂಥವು ಎಂದು ಬರೆದಿದ್ದರು. ನಾಚಿಕೆ ಹೆಂಗಸರಿಗೆ ಮಾತ್ರ ಸಹಜವೇ, ಗಂಡಸರಿಗಿಲ್ಲವೇ ಎಂದು ನಾಗರತ್ನಮ್ಮ ಮುನ್ನುಡಿಯಲ್ಲೇ ಮರುಪ್ರಶ್ನಿಸಿದರು. 1911ರಲ್ಲಿ ಬ್ರಿಟಿಷ್ ಸರ್ಕಾರ ಪುಸ್ತಕವನ್ನು ನಿಷೇಧಿಸಿತು. ನಿಷೇಧ ತೆರವಾದದ್ದು ಮದರಾಸು ಪ್ರಾಂತ್ಯದಲ್ಲಿ ಟಂಗುಟೂರಿ ಪ್ರಕಾಶಂ ಅವರ ಮಂತ್ರಿಮಂಡಲ ಅಧಿಕಾರಕ್ಕೆ ಬಂದ ಮೇಲೆ. ಹೊಸ ಆವೃತ್ತಿ ಬಂದ 1952ರಲ್ಲೇ ನಾಗರತ್ನಮ್ಮ ನಿಧನರಾದರು.

ಕನ್ನಡದಲ್ಲಿಯೂ 11ನೇ ಶತಮಾನದ ಚಂದ್ರರಾಜನ 'ಮದನತಿಲಕ', 15ನೇ ಶತಮಾನದ ಕಲ್ಲರಸನ 'ಜನವಶ್ಯ' ಕಾಮಶಾಸ್ತ್ರದ ಗ್ರಂಥಗಳಾಗಿ ಸಾಹಿತ್ಯ ಚರಿತ್ರೆಯಲ್ಲಿ ದಾಖಲಾಗಿವೆ. ಅವು ಶಾಸ್ತ್ರ, ಕಥೆಗಳಲ್ಲ. ಆಧುನಿಕ ಕಾಲದಲ್ಲಿ ಅ.ನ. ಕೃಷ್ಣರಾಯರು ವೇಶ್ಯಾ ಸಮಸ್ಯೆಯನ್ನು ಕುರಿತು ಬರೆದ 'ನಗ್ನಸತ್ಯ', 'ಶನಿಸಂತಾನ', 'ಸಂಜೆಗತ್ತಲು' ಕಾದಂಬರಿಗಳು ಅಶ್ಲೀಲವೆಂಬ ಕೂಗೆದ್ದಿತು. ಅನಕೃ ಹಿಂದೆಗೆಯಲಿಲ್ಲ. 'ಸಾಹಿತ್ಯ ಮತ್ತು ಕಾಮಪ್ರಚೋದನೆ' ಎಂಬ ಪುಸ್ತಕವನ್ನೇ ಬರೆದು ಉತ್ತರಿಸಿದರು. ವಾಸ್ತವದಲ್ಲಿ ಆ ಕಾದಂಬರಿಗಳನ್ನು ಕಾಮಕಥನವೆನ್ನಲಾಗದು. ಓದುಗನನ್ನು ರಂಜಿಸುವುದಕ್ಕಿಂತ ಕಾಡುವುದೇ ಅವುಗಳ ಉದ್ದೇಶವಾಗಿತ್ತು.

ಸಂತೆಯಲ್ಲಿ ಮೆಣಸಿನಕಾಯಿ

ಭಾರತದ ಇಂಗ್ಲಿಷ್ ಪ್ರಕಾಶನದಲ್ಲಿ ರುಚಿರ್ ಜೋಷಿ ಸಂಪಾದಿಸಿದ 'ಎಲೆಕ್ಟ್ರಿಕ್ ಫೆದರ್' ಕಥಾಸಂಕಲನ 2009ರಲ್ಲಿ, ಶ್ರೀಮಯೀ ಪಿಯು ಕುಂಡು ಅವರ 'ಸೀತಾಸ್ ಕರ್ಸ್' 2014ರಲ್ಲಿ ಪ್ರಕಟವಾದವು. ಎರಡೂ ಬಹಿರಂಗವಾಗಿಯೇ ಮಾರಾಟವಾದವು. ಪುಸ್ತಕಕ್ಕೆ ಮುಂಚಿತವಾದ ಸೆನ್ಸಾರ್ ಇಲ್ಲದಿರುವುದೇ ಇದಕ್ಕೆ ಕಾರಣ. 'ಫಿಫ್ಟಿ ಶೇಡ್ಸ್' ಕಾದಂಬರಿ ನಮ್ಮ ಮಳಿಗೆಗಳಲ್ಲಿ ರಾಶಿ ಬಿದ್ದಿದ್ದಾಗಲೇ, 2015ರಲ್ಲಿ ಅದರ ಚಲನಚಿತ್ರಕ್ಕೆ ಸೆನ್ಸಾರ್ ಮಂಡಳಿ ಪ್ರಮಾಣಪತ್ರ ನಿರಾಕರಿಸಿತು.

2020ರ ನಂತರದ ಅಲೆ ಸಾಮಾಜಿಕ ಮಾಧ್ಯಮದ್ದು. ಓದುಗರೇ ಕಿರು ವಿಡಿಯೊಗಳ ಮೂಲಕ ಪುಸ್ತಕಗಳನ್ನು ಪರಿಚಯಿಸುತ್ತಾರೆ. ಶೃಂಗಾರದ ಪ್ರಮಾಣವನ್ನು ಸೂಚಿಸಲು ಮೆಣಸಿನಕಾಯಿ ಚಿತ್ರಗಳನ್ನು ಹಾಕುವುದು ರೂಢಿ: ಒಂದಾದರೆ ಸೌಮ್ಯ, ಐದಾದರೆ ಬ್ಯಾಡಗಿಯನ್ನೂ ಮೀರಿಸಿದ ಗುಂಟೂರು ಖಾರ. ಸಾರಾ ಜೆ. ಮಾಸ್, ರೆಬೆಕ್ಕಾ ಯಾರೋಸ್ ಮುಂತಾದವರು ಮಾಯಾಲೋಕದ ಸಾಹಸಕ್ಕೆ ಕಾಮವನ್ನು ಬೆರೆಸಿ ಹೊಸ ಪ್ರಕಾರವನ್ನೇ ಬೆಳೆಸಿದ್ದಾರೆ. ಯಾರೋಸ್ ಅವರ 'ಆನಿಕ್ಸ್ ಸ್ಟಾರ್ಮ್' 2025ರ ಜನವರಿಯಲ್ಲಿ ಮೊದಲ ವಾರದಲ್ಲೇ 27 ಲಕ್ಷ ಪ್ರತಿ ಮಾರಾಟವಾಯಿತು. ಇವುಗಳ ರಕ್ಷಾಪುಟದಲ್ಲಿ ಅರೆಬೆತ್ತಲೆ ಚಿತ್ರಗಳಿಲ್ಲ. ಹೂಬಳ್ಳಿ, ಡ್ರ್ಯಾಗನ್, ಕೆಲವೊಮ್ಮೆ ವ್ಯಂಗ್ಯಚಿತ್ರದಂಥ ಗೊಂಬೆಗಳಿರುತ್ತವೆ. ಹೈಸ್ಕೂಲು ಮಕ್ಕಳಿಗೆಂದು ಪೋಷಕರೇ ತಿಳಿಯದೆ ಕೊಂಡುತರುವ ಸಂಭವ ಇದರಿಂದ ಹೆಚ್ಚಿದೆ. ಹಿಂದೆ ರಕ್ಷಾಪುಟವೇ ಎಚ್ಚರಿಕೆಯ ಫಲಕದ ಕೆಲಸ ಮಾಡುತ್ತಿತ್ತು.

2024ರ ಜುಲೈ 1ರಿಂದ ಭಾರತೀಯ ದಂಡಸಂಹಿತೆಯ 292ನೇ ಕಲಮಿನ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯ 294ನೇ ಕಲಮು ಬಂದಿದೆ. ಅಶ್ಲೀಲ ಪುಸ್ತಕದ ಮಾರಾಟಕ್ಕೆ ಮೊದಲ ಸಲ 2 ವರ್ಷಗಳವರೆಗಿನ ಸೆರೆ, 5,000 ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಸಾಹಿತ್ಯ, ಕಲೆ, ವಿಜ್ಞಾನಗಳ ಹಿತಕ್ಕಾಗಿರುವ ಪ್ರಕಟಣೆಗೆ ವಿನಾಯಿತಿ ಮುಂದುವರಿದಿದೆ. ದೇವಾಲಯದ ಹಾಗೂ ಉತ್ಸವಮೂರ್ತಿಯನ್ನು ಹೊರುವ ತೇರಿನ ಮೇಲಿನ ಶಿಲ್ಪಗಳಿಗೂ ವಿನಾಯಿತಿಯಿದೆ. ಹೊಸದಾಗಿ ಸೇರಿರುವುದು ವಿದ್ಯುನ್ಮಾನ ರೂಪದಲ್ಲಿ ಪ್ರದರ್ಶಿಸುವ ಸಾಮಗ್ರಿಯ ಉಲ್ಲೇಖ. ಬೆಂಗಳೂರಿನ ಪ್ರತಿಲಿಪಿಯಂಥ ವೇದಿಕೆಗಳಲ್ಲಿ ಕನ್ನಡದಲ್ಲಿ ಕಂತುಕಂತಾಗಿ ಪ್ರೇಮಕಥೆ ಬರೆಯುವವರಿಗೂ ಈ ಪದಗಳು ಅನ್ವಯಿಸುತ್ತವೆ.