ತಡವಾಗಿ ಬಂದ ಹಚ್ಚೆ

ಹಸಿರು ಎಂಬ ಅರ್ಥದ ಹಳೆಯ ಮಾತು ‘ಪಚ್ಚೆ’. ಹಳಗನ್ನಡದ ಪಕಾರ ಹಕಾರಕ್ಕೆ ತಿರುಗಿದ ಕಾಲದಲ್ಲಿ, ಪಾಲು ಹಾಲಾದಂತೆ, ಪೂವು ಹೂವಾದಂತೆ, ಪಚ್ಚೆಯೂ ಹಚ್ಚೆಯಾಯಿತು. ತಮಿಳರು ಇಂದಿಗೂ ‘ಪಚ್ಚೈ ಕುತ್ತುವುದು’ ಎನ್ನುತ್ತಾರೆ; ತೆಲುಗರ ಮಾತು ‘ಪಚ್ಚಬೊಟ್ಟು’. ವಿಚಿತ್ರವೆಂದರೆ ಇದಕ್ಕೆ ಬಳಸುವ ಬಣ್ಣ ಹಸಿರಲ್ಲ, ದೀಪದ ಮಸಿ, ಅಪ್ಪಟ ಕಪ್ಪು. ಆ ಕಪ್ಪು ತೊಗಲಿನ ಒಳಪದರಕ್ಕೆ ಇಳಿದ ಮೇಲೆ ಹೊರಗಿನಿಂದ ನೋಡುವವರ ಕಣ್ಣಿಗೆ ಹಸಿರಾಗಿಯೋ ನೀಲಿಯಾಗಿಯೋ ತೋರುತ್ತದೆ. ನಮ್ಮ ಹಿರಿಯರು ಹೆಸರಿಟ್ಟದ್ದು ಬಟ್ಟಲಲ್ಲಿದ್ದ ಮಸಿಗಲ್ಲ, ತೋಳಿನ ಮೇಲೆ ಕಂಡ ಬಣ್ಣಕ್ಕೆ.

ವಾಡಿಕೆಯಂತೆ ಹಚ್ಚೆ ಎಳೆಯ ಹೆಣ್ಣುಮಕ್ಕಳ ಮೈಗೆ ಸೇರಿದ್ದು. ಮೈನೆರೆಯುವ ಮುನ್ನವೋ ಮದುವೆಗೆ ಮುನ್ನವೋ ಆ ಕಾರ್ಯ ಮುಗಿಯಬೇಕು. ಆ ವಯಸ್ಸಿನ ಹುಡುಗಿಯನ್ನು ಬೇಕೋ ಬೇಡವೋ ಎಂದು ಯಾರೂ ಕೇಳುತ್ತಿರಲಿಲ್ಲ. ಅಜ್ಜಿ ಕೈ ಹಿಡಿಯುತ್ತಿದ್ದಳು, ತಾಯಿ ಭುಜ ಅದುಮುತ್ತಿದ್ದಳು, ಹಚ್ಚೆಯವಳು ಹಾಡುತ್ತ ಚುಚ್ಚುತ್ತಿದ್ದಳು. ಯಾವ ಚಿತ್ರ, ಎಷ್ಟು ಚುಕ್ಕಿ ಎಂಬುದೂ ಹಿರಿಯರದೇ ತೀರ್ಮಾನ. ಈ ಕ್ರಮದಿಂದ ಹೇಗೋ ತಪ್ಪಿಹೋಗಿ, ನಲವತ್ತೋ ಐವತ್ತೋ ದಾಟಿದ ಮೇಲೆ ತಾವಾಗಿಯೇ ಕೈ ಚಾಚಿದವರೂ ಉಂಟು. ಮೈಸೂರು ಜಿಲ್ಲೆಯ ಪಡುವಣ ಸೀಮೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆಯ ಹಿನ್ನೆಲೆಯಲ್ಲಿ ಅಂಥವರ ವಿಚಾರವನ್ನು ಈ ಹೊತ್ತು ತಮ್ಮ ಮುಂದಿಡುತ್ತೇನೆ.

ಮೊದಲು ಹಚ್ಚೆ ಹಾಕುವವರನ್ನು ಪರಿಚಯ ಮಾಡಿಕೊಳ್ಳಬೇಕು. ಹಳೆಯ ಮೈಸೂರಿನಲ್ಲಿ ಈ ಕಸಬು ಮುಖ್ಯವಾಗಿ ಕೊರಮ, ಕೊರಚ ಸಮುದಾಯಗಳ ಹೆಂಗಸರದು. ಬುಟ್ಟಿ ಹೆಣೆಯುವುದು, ಕಣಿ ಹೇಳುವುದು, ಹಚ್ಚೆ ಹುಯ್ಯುವುದು, ಇವು ಒಂದೇ ಜೋಳಿಗೆಯೊಳಗಿನ ವಿದ್ಯೆಗಳು. ಯಕ್ಷಗಾನದಲ್ಲಿ ರಾಜಕುಮಾರಿಯ ಕೈ ನೋಡಿ ಮನಸ್ಸನ್ನು ಬಿಚ್ಚಿಡುವ ಕೊರವಂಜಿ ಇವಳೇ. 1942ರಲ್ಲಿ ರಾ.ಶಿ.ಯವರು ತಮ್ಮ ಹಾಸ್ಯ ಮಾಸಪತ್ರಿಕೆಗೆ ‘ಕೊರವಂಜಿ’ ಎಂದು ಹೆಸರಿಟ್ಟಾಗ, ಸುಳ್ಳಿನ ಸೆರಗಿನಲ್ಲಿ ನಿಜ ಹೇಳಬಲ್ಲವಳು ಎಂಬ ಆಕೆಯ ಕೀರ್ತಿಯನ್ನೇ ಎರವಲು ಪಡೆದರೆಂದು ನನ್ನ ಭಾವನೆ. ಕಿಳ್ಳೇಕ್ಯಾತರ ಹೆಂಗಸರೂ ಹಚ್ಚೆಯಲ್ಲಿ ನುರಿತವರು. ಅವರ ಗಂಡಸರು ತೊಗಲುಬೊಂಬೆಯಾಟದವರು. ಗಂಡ ಹದಮಾಡಿದ ತೊಗಲಿಗೆ ರಂಧ್ರ ಕೊರೆದು ರಾಮಾಯಣವನ್ನು ಬೆಳಕಿನಲ್ಲಿ ನಿಲ್ಲಿಸುತ್ತಾನೆ. ಹೆಂಡತಿ ಜೀವಂತ ತೊಗಲಿಗೆ ಸೂಜಿ ಊರಿ ಸೀತೆಯ ಸೆರಗನ್ನು ನಿಲ್ಲಿಸುತ್ತಾಳೆ. ಒಂದೇ ಮನೆಯ ಎರಡು ಕಸಬುಗಳು ಇಷ್ಟು ಹತ್ತಿರದ ನಂಟಿನವು ಎಂಬುದು ಗಮನಿಸತಕ್ಕ ಸಂಗತಿ.

ಹಚ್ಚೆಯ ಸಾಮಗ್ರಿ ಅಲ್ಪ. ಹರಳೆಣ್ಣೆಯ ದೀಪದ ಮೇಲೆ ಮಡಕೆಯನ್ನೋ ಚಿಪ್ಪನ್ನೋ ಕವುಚಿ ಹಿಡಿದ ಮಸಿ. ಅದನ್ನು ಕಲಸಲು ಯಾವುದಾದರೊಂದು ಹಸಿ ಸೊಪ್ಪಿನ ರಸ, ಕೆಲವು ಕಡೆ ಬಾಣಂತಿಯ ಎದೆಹಾಲು. ಜೊತೆಯಾಗಿ ದಾರ ಸುತ್ತಿದ ಮೂರು ನಾಲ್ಕು ಸೂಜಿಗಳು. ಮೊದಲು ಕಡ್ಡಿಯಿಂದ ಚಿತ್ರ ಬರೆದು, ಗೆರೆಯುದ್ದಕ್ಕೂ ಸೂಜಿ ಆಡಿಸುತ್ತಾರೆ. ರಕ್ತ ಒಸರುತ್ತದೆ, ಮತ್ತೆ ಮಸಿ ಬಳಿಯುತ್ತಾರೆ. ಮುಗಿದ ಮೇಲೆ ತಣ್ಣೀರಿನಲ್ಲಿ ತೊಳೆದು ಅರಿಸಿನ ಮೆತ್ತುತ್ತಾರೆ. ಕೈ ಊದಿ ಹೊಪ್ಪಳೆಗಟ್ಟಿ, ಅದು ಉದುರಿದ ಮೇಲೆ ಚಿತ್ರ ಮೇಲೇಳುತ್ತದೆ. ಸೂಜಿ ಆಡುವಷ್ಟು ಹೊತ್ತೂ ಹಾಡು ನಿಲ್ಲುವುದಿಲ್ಲ. ಹುಡುಗಿಯ ಗಮನವನ್ನು ನೋವಿನಿಂದ ಬೇರೆಡೆಗೆ ಸೆಳೆಯುವುದಕ್ಕೆ ಅದು ಬೇಕು; ಅತ್ತರೂ ಹಾಡಿನಲ್ಲಿ ಅಳು ಮುಚ್ಚಿಹೋಗುತ್ತದೆ. ಕೂಲಿ ರಾಗಿಯ ರೂಪದಲ್ಲಿ, ಭತ್ತದ ರೂಪದಲ್ಲಿ, ಎಲೆಯಡಿಕೆಯ ಜೊತೆಗೊಂದು ಹಳೆಯ ಸೀರೆಯ ರೂಪದಲ್ಲಿ ಸಲ್ಲುತ್ತಿತ್ತು. ಚಿತ್ರಗಳೆಂದರೆ ಚುಕ್ಕಿ, ಚೇಳು, ತೇರು, ತೊಟ್ಟಿಲು, ತುಳಸಿಕಟ್ಟೆ, ನವಿಲು, ಬಾಸಿಂಗ. ಅಂಗಳದ ರಂಗೋಲಿಯನ್ನು ಬಲ್ಲವರಿಗೆ ಈ ಚಿತ್ರಗಳ ಬಹುಪಾಲು ಪರಿಚಿತವೇ.

ಎಡ್ಗರ್ ಥರ್ಸ್ಟನ್ ಮದರಾಸಿನ ವಸ್ತುಸಂಗ್ರಹಾಲಯದ ಮುಖ್ಯಸ್ಥನಾಗಿದ್ದವನು. 1909ರಲ್ಲಿ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಮೇಲೆ ಏಳು ಸಂಪುಟಗಳನ್ನು ಹೊರತಂದ. ನಮ್ಮ ಮೈಸೂರಿನ ಸಮೀಕ್ಷೆಯನ್ನು ಕೈಗೊಂಡವರು ಎಚ್. ವಿ. ನಂಜುಂಡಯ್ಯನವರು, ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರು. ಅವರು ತೀರಿಕೊಂಡ ಮೇಲೆ ಎಲ್. ಕೆ. ಅನಂತಕೃಷ್ಣ ಅಯ್ಯರ್ ಮುಂದುವರಿಸಿದ ಆ ಕೆಲಸ 1928ರಿಂದ 1935ರ ಅವಧಿಯಲ್ಲಿ ನಾಲ್ಕು ಸಂಪುಟಗಳಾಗಿ ಬೆಳಕು ಕಂಡಿತು. ಇಂಥ ಗ್ರಂಥಗಳ ಉಪಕಾರ ದೊಡ್ಡದು. ಆದರೆ ಸಮೀಕ್ಷೆಯ ರೀತಿಯೇ ಹಾಗೆ: ವಾಡಿಕೆಯನ್ನು ಹಿಡಿಯುತ್ತದೆ, ವಾಡಿಕೆಯಿಂದ ತಪ್ಪಿಹೋದವಳನ್ನು ಬಿಡುತ್ತದೆ.

ಹಾಗಾದರೆ ತಪ್ಪಿಹೋದವಳು ಯಾರು? ತಾಯಿಯಿಲ್ಲದೆ ಬೆಳೆದವಳು, ಬಡತನದಿಂದ ರಾಗಿ ಅಳೆಯಲಾಗದ ಮನೆಯವಳು, ಹಚ್ಚೆಯವರು ಊರಿಗೆ ಬಂದ ವರ್ಷ ಜ್ವರದಲ್ಲಿ ಮಲಗಿದ್ದವಳು. ಸೂಜಿ ಕಂಡು ಹಿತ್ತಲಿಗೆ ಓಡಿ ಬಚಾವಾದ ಜಾಣೆಯರೂ ಈ ಸಾಲಿಗೆ ಸೇರುತ್ತಾರೆ. ಆ ಜಾಣತನದ ಬೆಲೆ ಮುಂದೆ ತಿಳಿಯುತ್ತಿತ್ತು. ಬರಿಗೈಯ ಸೊಸೆ ಎಂಬ ಮಾತು ಬರಿಯ ಬಳೆಗೆ ಸಂಬಂಧಿಸಿದ್ದಲ್ಲ. ಹಚ್ಚೆಯನ್ನು ತವರಿನ ಉಡುಗೊರೆ ಎಂದು ಎಣಿಸುವ ಜನರ ನಡುವೆ, ಗುರುತಿಲ್ಲದ ತೋಳು ತವರಿಲ್ಲದ ತೋಳಾಗಿ ಕಾಣುತ್ತದೆ. ಇದಕ್ಕಿಂತ ಆಳವಾದದ್ದು ಸಾವಿನ ನಂಬಿಕೆ. ಚಿನ್ನವನ್ನು ಮಕ್ಕಳು ಬಿಚ್ಚಿಕೊಳ್ಳುತ್ತಾರೆ, ಸೀರೆ ಸುಡುತ್ತದೆ ಇಲ್ಲವೆ ಮಣ್ಣಾಗುತ್ತದೆ, ಕೊನೆಗೆ ಜೊತೆಯಲ್ಲಿ ಬರುವುದು ಹಚ್ಚೆ ಒಂದೇ ಎಂಬ ಭಾವನೆ ನಮ್ಮ ಹಳ್ಳಿಗಳಲ್ಲಿ ಎಷ್ಟು ಬಲವಾಗಿತ್ತೆಂಬುದನ್ನು ಅಜ್ಜಿಯರಿಂದ ಕೇಳಿದವರು ಬಲ್ಲರು. ಹದಿಹರೆಯದಲ್ಲಿ ಈ ಮಾತು ಯಾರಿಗೂ ತಾಗುವುದಿಲ್ಲ. ಓರಗೆಯವರು ಒಬ್ಬೊಬ್ಬರಾಗಿ ತೀರಿಕೊಳ್ಳಲು ಆರಂಭಿಸಿದ ವಯಸ್ಸಿನಲ್ಲಿ ತಾಗುತ್ತದೆ. ಮೊಮ್ಮಗಳಿಗೆ ಹಚ್ಚೆ ಹಾಕಿಸುವ ನೆಪದಲ್ಲಿ ಅಜ್ಜಿಯೇ ಮೊದಲು ಮಣೆಯ ಮೇಲೆ ಕುಳಿತರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಇಲ್ಲಿ ಆಕೆಯ ಕೈಯನ್ನು ಹಿಡಿದುಕೊಂಡವರು ಯಾರೂ ಇಲ್ಲ ಎಂಬುದನ್ನು ಮಾತ್ರ ನೆನಪಿಡಬೇಕು.

ಮಾಸದ ಗುರುತನ್ನು ಬಲವಂತದಿಂದ ಹಾಕುವ ವಿದ್ಯೆ ಅಜ್ಜಿಯರಿಗೆ ಮಾತ್ರ ಗೊತ್ತಿತ್ತೆಂದು ತಿಳಿಯಬಾರದು. ಸರ್ಕಾರಕ್ಕೂ ಗೊತ್ತಿತ್ತು. ಬಂಗಾಳದಲ್ಲಿ ಕುಂಪಣಿಯವರು 1797ರ ಕಟ್ಟಳೆಯಂತೆ ಜೀವಾವಧಿ ಸಜೆಯ ಕೈದಿಗಳ ಹಣೆಗೆ ಅವರ ಅಪರಾಧವನ್ನು ಹಚ್ಚೆಯಾಗಿ ಚುಚ್ಚಿಸುತ್ತಿದ್ದರು. ಉತ್ತರದವರು ಹಚ್ಚೆಗೆ ಹೇಳುವ ‘ಗೋದ್ನಾ’ ಎಂಬ ಮಾತೇ ಆ ಶಿಕ್ಷೆಗೂ ಹೆಸರಾಯಿತು. 1849ರಲ್ಲಿ ಅದು ರದ್ದಾಯಿತು. ಮಸಿಯ ಬಳಕೆ ಮಾತ್ರ ನಿಲ್ಲಲಿಲ್ಲ. ಹಣೆಯನ್ನು ಬಿಟ್ಟು ಬೆರಳಿಗೆ ಇಳಿಯಿತು. 1858ರಲ್ಲಿ ಬಂಗಾಳದ ಅಧಿಕಾರಿ ವಿಲಿಯಂ ಹರ್ಷೆಲ್ ಒಂದು ಕರಾರಿಗೆ ಕೈಗುರುತು ಒತ್ತಿಸಿಕೊಂಡ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿಯೇ ಆರಂಭವಾಯಿತು. ಅಪರಾಧಿ ಬುಡಕಟ್ಟುಗಳ ಕಾಯಿದೆ ಮೊದಲು ಬಂದದ್ದು 1871ರಲ್ಲಿ. 1911ರಲ್ಲಿ ಅದನ್ನು ಪರಿಷ್ಕರಿಸಿ ಮದರಾಸು ಪ್ರಾಂತಕ್ಕೂ ವಿಸ್ತರಿಸಿದರು. ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ಊರೂರು ತಿರುಗುತ್ತಿದ್ದ ಕೊರವರ ಗುಂಪುಗಳು, ರೈಲು ಬಂದು ಆ ವ್ಯಾಪಾರ ಮುರಿದುಬಿದ್ದ ಮೇಲೆ, ಈ ಪಟ್ಟಿಗೆ ಸೇರಿದವು. ಊರ ಹೆಣ್ಣುಮಕ್ಕಳ ತೋಳಿಗೆ ಮಸಿ ಇಳಿಸುತ್ತಿದ್ದವರ ಮನೆಯವರೇ ಪೊಲೀಸರ ಮುಂದೆ ಮಸಿಯಲ್ಲಿ ಬೆರಳದ್ದಬೇಕಾಯಿತು.

ಅದೇ 1911ರ ಡಿಸೆಂಬರಿನಲ್ಲಿ ದೆಹಲಿ ದರ್ಬಾರು ನಡೆಯಿತು. ಅಲ್ಲಿ ಚಕ್ರವರ್ತಿಯ ಪೀಠದಲ್ಲಿ ಕುಳಿತ ಐದನೆಯ ಜಾರ್ಜ್ ದೊರೆಯ ತೋಳಿನ ಮೇಲೆ ಒಂದು ಹಚ್ಚೆಯಿತ್ತು. ನೌಕಾಪಡೆಯ ಎಳೆಯ ಅಧಿಕಾರಿಯಾಗಿ 1881ರಲ್ಲಿ ಜಪಾನಿಗೆ ಹೋದಾಗ ಹಾಕಿಸಿಕೊಂಡ ಘಟಸರ್ಪದ ಚಿತ್ರ. ಅವನ ತಂದೆ ಏಳನೆಯ ಎಡ್ವರ್ಡನೂ 1862ರಲ್ಲಿ ಜೆರೂಸಲೇಮಿನಲ್ಲಿ ಶಿಲುಬೆಯ ಗುರುತು ಹಾಕಿಸಿಕೊಂಡಿದ್ದನು. ದೊರೆಯ ತೋಳಿನಲ್ಲಿದ್ದರೆ ಪ್ರವಾಸದ ನೆನಪು, ಹಳ್ಳಿಯ ಹೆಣ್ಣಿನ ತೋಳಿನಲ್ಲಿದ್ದರೆ ಅನಾಗರಿಕತೆ! ಸ್ವತಂತ್ರ ಭಾರತ 1952ರಲ್ಲಿ ಆ ಕಾಯಿದೆಯನ್ನು ತೆಗೆದುಹಾಕಿತು. ಆದರೆ ಕಾಯಿದೆ ಬೆಳೆಸಿದ್ದ ಸಂಶಯ ಅಷ್ಟು ಬೇಗ ಹೋಗಲಿಲ್ಲ.

ಅಷ್ಟರಲ್ಲಿ ಶಾಲೆ ಬಂದಿತ್ತು. ಓದಿದ ಹುಡುಗಿಯರಿಗೆ ಹಚ್ಚೆ ನಾಚಿಕೆಯಾಯಿತು. ಪಟ್ಟಣದ ವರನಿಗೆ ಅದು ಹಿಡಿಸದು ಎಂಬ ಭಯ ಹುಟ್ಟಿತು. ಉದ್ದ ತೋಳಿನ ರವಿಕೆ ಇದ್ದ ಹಚ್ಚೆಯನ್ನು ಮುಚ್ಚಿತು. ಒಂದೇ ಮನೆಯಲ್ಲಿ ಅಕ್ಕನ ಕೈ ತುಂಬ ಚಿತ್ರ, ತಂಗಿಯ ಕೈ ಖಾಲಿ. ಹೀಗೆ ಖಾಲಿಯಾಗಿ ಉಳಿದ ತಲೆಮಾರಿಗೂ ಈಗ ತಲೆ ನರೆತಿದೆ.

ಅವರನ್ನು ನೋಡಬೇಕಾದರೆ ಜಾತ್ರೆಗೆ ಹೋಗಬೇಕು. ಸಂಕ್ರಾಂತಿಯ ಸುಮಾರಿಗೆ ದನಗಳ ಪರಿಷೆ ಕೂಡುವ, ಹಳೆಯ ಕೃಷ್ಣರಾಜನಗರ ತಾಲ್ಲೂಕಿನ ಚುಂಚನಕಟ್ಟೆ; ಶಿವರಾತ್ರಿಯಿಂದ ರಾಚಪ್ಪಾಜಿಯ ಒಕ್ಕಲು ನೆರೆಯುವ ಕಾವೇರಿ ದಡದ ಕಪ್ಪಡಿ; ಪಿರಿಯಾಪಟ್ಟಣದ ಕಡೆ ಸಿಡಿಲು ಮಲ್ಲಿಕಾರ್ಜುನನ ಬೆಟ್ಟದಪುರ. ನಾಲ್ಕು ತಾಲ್ಲೂಕುಗಳೂ ಹೊಗೆಸೊಪ್ಪಿನ ನಾಡು. ಹರಾಜುಕಟ್ಟೆಯಿಂದ ಹಣ ಕೈಗೆ ಬರುವ ತಿಂಗಳುಗಳೂ ಜಾತ್ರೆಯ ತಿಂಗಳುಗಳೂ ಬಹುಮಟ್ಟಿಗೆ ಒಂದೇ. ಹಸಿ ಎಲೆ ಮುರಿದು ಕಡ್ಡಿಗೆ ಕಟ್ಟುವ ಹೆಂಗಸರ ಅಂಗೈಗೆ ಕಪ್ಪು ಅಂಟು ಹತ್ತುತ್ತದೆ. ಉಜ್ಜಿದರೂ ಬೇಗ ಬಿಡುವುದಿಲ್ಲ. ಬೇಡದ ಕಪ್ಪನ್ನು ತಿಂಗಳುಗಟ್ಟಲೆ ಉಜ್ಜಿದ ಕೈಯನ್ನೇ, ಬೇಕೆಂಬ ಕಪ್ಪಿಗಾಗಿ ಜಾತ್ರೆಯಲ್ಲಿ ಚಾಚುವುದು.

ಈಗಿನ ಜಾತ್ರೆಯಲ್ಲಿ ಹಾಡಿಲ್ಲ. ಬ್ಯಾಟರಿಯ ಯಂತ್ರ ಗುಂಯ್‌ಗುಡುತ್ತದೆ. ಎಡಿಸನ್ನನು ಕಾಗದಕ್ಕೆ ರಂಧ್ರ ಹಾಕಲು ನಿರ್ಮಿಸಿದ ವಿದ್ಯುತ್ ಲೇಖನಿಯ ತತ್ತ್ವವನ್ನೇ ಹಿಡಿದು, ನ್ಯೂಯಾರ್ಕಿನ ಸ್ಯಾಮುಯೆಲ್ ಓರೈಲಿ 1891ರಲ್ಲಿ ಇದರ ಹಕ್ಕುಪತ್ರ ಪಡೆದ. ಹುಟ್ಟಿನಲ್ಲೇ ಲೇಖನಿಯಾದ್ದರಿಂದಲೋ ಏನೋ, ಯಂತ್ರ ಬಂದ ಮೇಲೆ ಚಿತ್ರಕ್ಕಿಂತ ಅಕ್ಷರ ಹೆಚ್ಚಾಯಿತು. ಇದು ಸಣ್ಣ ಬದಲಾವಣೆಯಲ್ಲ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂಬ ಕಟ್ಟುಪಾಡಿನಲ್ಲಿ ಬಾಳಿದ, ಓದು ಬರಹ ಬಾರದ ಹೆಂಗಸು, ಆತ ತೀರಿಕೊಂಡ ಮೇಲೆ ಆ ಹೆಸರನ್ನು ಮೈಮೇಲೆ ಬರೆಸಿಕೊಳ್ಳುವ ಸಂದರ್ಭವನ್ನು ಊಹಿಸಿ. ಯಂತ್ರದವನು ಹೆಸರು ಕೇಳಿದಾಗ ಪಕ್ಕದ ಮೊಮ್ಮಗ ಹೇಳಬೇಕು. ಬರೆದದ್ದು ಸರಿಯೇ ಎಂದು ಓದಿ ನೋಡುವವನೂ ಅವನೇ. ಒತ್ತಕ್ಷರ ಬಿಟ್ಟುಹೋದರೆ, ದೀರ್ಘ ತಪ್ಪಿದರೆ, ಮುಂದಿನ ಸಂಚಿಕೆಯಲ್ಲಿ ತಿದ್ದೋಲೆ ಹಾಕುವಂತಿಲ್ಲ. ಪತ್ರಿಕೆಯವರು ನನ್ನ ಮಾತನ್ನು ಕ್ಷಮಿಸಬೇಕು, ಕರಡು ತಿದ್ದುವ ಕೆಲಸಕ್ಕೆ ಇದಕ್ಕಿಂತ ಗಂಭೀರವಾದ ಜಾಗ ಇನ್ನೊಂದಿಲ್ಲ.

ಗಂಡಸರ ಸರದಿಯೂ ಬಂತು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ನಾಡಿನ ಅನೇಕ ಅಭಿಮಾನಿಗಳು ಅವರ ಮುಖವನ್ನು, ಸಹಿಯನ್ನು ಮೈಮೇಲೆ ಬರೆಸಿಕೊಂಡರು. ತಾಯಿಯ ಹಚ್ಚೆಯನ್ನು ಹಳೆಯ ಕಾಲದ್ದೆಂದು ನಕ್ಕಿದ್ದ ವಯಸ್ಸಿನವರೂ ‘ಟ್ಯಾಟೂ’ ಎಂದ ಕೂಡಲೆ ಒಪ್ಪಿದರು. ಆ ಮಾತಾದರೂ ಇಂಗ್ಲಿಷರ ಸ್ವಂತದ್ದಲ್ಲ. 1769ರಲ್ಲಿ ಕ್ಯಾಪ್ಟನ್ ಕುಕ್ಕನ ಹಡಗು ತಾಹಿತಿ ದ್ವೀಪಕ್ಕೆ ಹೋದಾಗ ಅಲ್ಲಿನ ದ್ವೀಪವಾಸಿಗಳ ‘ತತೌ’ ಎಂಬ ಮಾತನ್ನು ನಾವಿಕರು ಕಲಿತು ಬಂದರು.

ಇಳಿವಯಸ್ಸಿನ ತೊಗಲು ಬೇರೆ, ಎಳೆಯ ತೊಗಲು ಬೇರೆ. ಮೇಲ್ಪದರ ತಿಂಗಳೊಪ್ಪತ್ತಿನಲ್ಲಿ ಉದುರಿ ಹೊಸದಾಗುತ್ತದೆ. ಮಸಿ ಅದರ ಕೆಳಗಿನ ಪದರದಲ್ಲಿ ನಿಲ್ಲಬೇಕು. ಅಲ್ಲಿ ಅದನ್ನು ಹಿಡಿದಿಡುವುದು ರಕ್ಷಕ ಕಣಗಳು. ಆ ಕಣಗಳೂ ಸಾಯುತ್ತವೆ. ಸತ್ತಾಗ ಚೆಲ್ಲಿದ ಮಸಿಯನ್ನು ಹೊಸ ಕಣಗಳು ನುಂಗಿ ಇಟ್ಟುಕೊಳ್ಳುತ್ತವೆ ಎಂದು 2018ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ಮಾಸದಂತೆ ಕಾಣುವ ಹಚ್ಚೆಯೂ ಹೀಗೆ ಒಳಗೊಳಗೇ ಕೈಯಿಂದ ಕೈಗೆ ದಾಟುತ್ತಿರುತ್ತದೆ. ವಯಸ್ಸಾದವರ ತೊಗಲು ತೆಳುವಾಗಿ ಸಡಿಲವಾಗಿರುವುದರಿಂದ ಗೆರೆ ಹರಡಿಕೊಳ್ಳುತ್ತದೆ, ಗಾಯ ನಿಧಾನವಾಗಿ ಮಾಯುತ್ತದೆ. ಸಕ್ಕರೆ ಕಾಯಿಲೆಯವರು ವೈದ್ಯರನ್ನು ಕೇಳದೆ ಕೂರಬಾರದು. ಸೂಜಿ ಹೊಸದೇ ಎಂದು ಕಣ್ಣಾರೆ ನೋಡುವುದೂ ಅವಶ್ಯ. ಒಬ್ಬರ ರಕ್ತದ ರೋಗ ಇನ್ನೊಬ್ಬರಿಗೆ ದಾಟಲು ಒಂದೇ ಸೂಜಿ ಸಾಕು.

ಯಂತ್ರದವನ ಬಳಿ ಮಾದರಿಗಳ ಅಚ್ಚಾದ ಹಾಳೆಗಳಿರುತ್ತವೆ: ಗುಲಾಬಿ, ಗರುಡ, ಬಾಣ ನೆಟ್ಟ ಹೃದಯ, ಇಂಗ್ಲಿಷ್ ಅಕ್ಷರಗಳು. ತೊಟ್ಟಿಲು, ತೇರು, ತುಳಸಿಕಟ್ಟೆಗಳು ಅದರಲ್ಲಿ ಸಿಗುವುದು ಅಪರೂಪ. ಅಂಥದೇ ಬೇಕೆನ್ನುವ ಮುದುಕಿ ಬಾಯಿಮಾತಿನಲ್ಲಿ ವಿವರಿಸಿ ಗೆಲ್ಲಲಾರಳು. ಜೊತೆಗೆ ಬಂದ ಅಕ್ಕನ ರವಿಕೆಯ ತೋಳನ್ನು ಮೇಲಕ್ಕೆ ಸರಿಸಿ ಇಗೋ ಇದು ಎಂದು ತೋರಿಸಬೇಕು. ಅರವತ್ತು ವರ್ಷದ ಹಿಂದೆ ಕೊರವಂಜಿ ಹಾಕಿದ ಆ ತೇರಿನ ಗಾಲಿಗಳು ಸುಕ್ಕಿನಲ್ಲಿ ಕದಡಿರುತ್ತವೆ. ಯಂತ್ರದ ಹುಡುಗ ಎರಡು ಬೆರಳಿನಿಂದ ಆ ತೊಗಲನ್ನು ಹಿಗ್ಗಿಸಿ, ಎಷ್ಟು ಗಾಲಿ, ಎಷ್ಟು ಅಂತಸ್ತು ಎಂದು ಎಣಿಸಿಕೊಂಡು, ಆಮೇಲೆ ತಂಗಿಯ ಕೈಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾನೆ.