ಬೆಟ್ಟ

ಬೆಟ್ಟ: ಎತ್ತರದ ನೆಲವನ್ನು ಹೇಳುವ ಹಳೆಯ ಕನ್ನಡ ಪದ. ಹಳಗನ್ನಡದಲ್ಲಿ ‘ಬೆಟ್ಟು’ ಎಂಬ ರೂಪವೂ ಉಂಟು. ಚಾಮುಂಡಿಬೆಟ್ಟ, ಬಿಳಿಗಿರಿರಂಗನ ಬೆಟ್ಟ, ನೀಲಗಿರಿಯ ದೊಡ್ಡಬೆಟ್ಟ ಮೊದಲಾದ ಹೆಸರುಗಳಲ್ಲಿ ಗಿರಿ ಎಂಬುದೇ ಇದರ ಅರ್ಥ.

ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಪದದ ಬಳಕೆ ಬೇರೆ. ಬೇಡ್ತಿ ನದಿಯ ಜಲಪಾತವಿರುವ ಮಾಗೋಡಿನ ಸುತ್ತಲೂ ‘ನಮ್ಮ ಬೆಟ್ಟ’ ಎಂದರೆ ಶಿಖರವಲ್ಲ, ಅಡಿಕೆ ತೋಟಕ್ಕೆ ಸೇರಿದ ಸೊಪ್ಪಿನ ಕಾಡು. ತೋಟ ಕಣಿವೆಯ ತಗ್ಗಿನಲ್ಲಿರುತ್ತದೆ, ಬೆಟ್ಟ ಅದರ ಮೇಲಿನ ಇಳಿಜಾರಿನಲ್ಲಿ. ಹಸಿಸೊಪ್ಪು, ದರಕು (ಉದುರಿದ ಒಣ ಎಲೆ), ಕಟ್ಟಿಗೆ, ಹುಲ್ಲು ಅಲ್ಲಿಂದಲೇ ಬರಬೇಕು. ಸೊಪ್ಪು ಕೊಟ್ಟಿಗೆಯಲ್ಲಿ ದನಗಳ ಕಾಲಡಿ ಹಾಸಾಗಿ, ಸಗಣಿಯೊಡನೆ ಕೊಳೆತು, ಗೊಬ್ಬರವಾಗಿ ಅಡಿಕೆ ಮರದ ಬುಡ ಸೇರುತ್ತದೆ. ಬ್ರಿಟಿಷ್ ಆಡಳಿತ ಈ ರೂಢಿಯನ್ನು ಅರಣ್ಯ ನಿಯಮಗಳಲ್ಲಿ ದಾಖಲಿಸಿತು. ಘಟ್ಟದ ಮೇಲೆ ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಎಂಬ ಲೆಕ್ಕ ಪ್ರಸಿದ್ಧ. ನೆಲ ಸರ್ಕಾರದ್ದು, ಬಳಸುವ ಸೌಲಭ್ಯ ಮಾತ್ರ ತೋಟದವರದು. ಹೀಗಾಗಿ ‘ಸೊಪ್ಪಿನಬೆಟ್ಟ’ ಕಂದಾಯದ ಕಡತದ ಮಾತೂ ಆಯಿತು. ಮಿತವಾಗಿ ಸವರಿದ ಬೆಟ್ಟ ತಲೆಮಾರುಗಳ ಕಾಲ ಚಿಗುರುತ್ತದೆ. ಮಿತಿಮೀರಿ ಕಡಿದದ್ದು ಬೋಳಾಗುತ್ತದೆ. ತೋಟದ ಆಯುಷ್ಯ ನಿಂತಿರುವುದು ಈ ಎಚ್ಚರದ ಮೇಲೆ.

ಕರಾವಳಿಯ ತುಳುವಿನಲ್ಲಿ ಬಯಲು, ಮಜಲು, ಬೆಟ್ಟು ಎಂಬ ಗದ್ದೆಯ ಮೂರು ವಿಭಾಗಗಳಲ್ಲಿ ಬೆಟ್ಟು ಮೇಲ್ಮಟ್ಟದ, ಮಳೆಯನ್ನೇ ನಂಬಿದ ಗದ್ದೆ. ಅಲ್ಲಿನ ಅನೇಕ ಊರು, ಮನೆತನಗಳ ಹೆಸರಿನ ಕೊನೆಯಲ್ಲೂ ಅದು ಉಳಿದಿದೆ. ಇನ್ನು ಕನ್ನಡದ ಬೆಟ್ಟಕುರುಬ, ಬೆಟ್ಟದ ನೆಲ್ಲಿ ಎಂಬಲ್ಲಿ ‘ಕಾಡಿನ’ ಎಂಬ ಛಾಯೆಯಿದೆ.