ಮದುವೆ ಮಾಡಿದರೆ ಮಾನಸಿಕ ಕಾಯಿಲೆ ವಾಸಿಯಾಗುತ್ತದೆಯೇ? ದೀರ್ಘಾವಧಿ ಅಧ್ಯಯನಗಳನ್ನು ಓದುವ ಬಗೆ

‘ಮದುವೆಯಾಗದ ಹೊರತು ಹುಚ್ಚು ಬಿಡದು, ಹುಚ್ಚು ಬಿಡದ ಹೊರತು ಮದುವೆಯಾಗದು’ ಎಂಬ ಗಾದೆಯನ್ನು ನೀವು ಕೇಳಿರಬಹುದು. ಕಾಯಿಲೆಯಲ್ಲಿರುವವರನ್ನು ‘ಹುಚ್ಚರು’ ಎಂದು ಕರೆಯುವುದು ತಪ್ಪು. ಆದರೆ ಗಾದೆಯಲ್ಲಿರುವ ತೊಡಕು ಮನಃಶಾಸ್ತ್ರದ ಸಂಶೋಧಕರನ್ನೂ ಕಾಡುತ್ತದೆ. ಎರಡು ಸಂಗತಿಗಳು ಜೊತೆಯಾಗಿ ಕಂಡಾಗ ಯಾವುದು ಕಾರಣ, ಯಾವುದು ಪರಿಣಾಮ?

ದೀರ್ಘಾವಧಿ ಅಧ್ಯಯನ ಎಂದರೇನು?

ಒಂದೇ ಗುಂಪಿನ ಜನರನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಭೇಟಿಯಾಗಿ, ಅವರ ಸ್ಥಿತಿಯನ್ನು ದಾಖಲಿಸುವುದೇ ದೀರ್ಘಾವಧಿ ಅಧ್ಯಯನ. ನಮ್ಮ ದೇಶದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಚೆನ್ನೈನಲ್ಲಿದೆ. 1981–82ರಲ್ಲಿ ಅಲ್ಲಿನ ಸರ್ಕಾರಿ ಜನರಲ್ ಆಸ್ಪತ್ರೆಗೆ ಸ್ಕಿಜೋಫ್ರೇನಿಯಾದ ಆರಂಭದ ಹಂತದಲ್ಲಿ ಬಂದ 90 ಮಂದಿಯನ್ನು ಅಧ್ಯಯನಕ್ಕೆ ಸೇರಿಸಿಕೊಳ್ಳಲಾಯಿತು. ಡಾ. ಆರ್. ತಾರಾ ಮತ್ತು ಸಂಗಡಿಗರು ಅವರನ್ನು ದಶಕಗಳ ಕಾಲ ಅನುಸರಿಸಿದರು. ಡಾ. ಎಂ. ಶಾರದಾ ಮೆನನ್ 1984ರಲ್ಲಿ ಸ್ಥಾಪಿಸಿದ ‘ಸ್ಕಾರ್ಫ್’ ಸಂಸ್ಥೆ ಈ ಕೆಲಸವನ್ನು ಮುಂದುವರಿಸಿತು.

ಹತ್ತು ವರ್ಷಗಳ ನಂತರ 76 ಮಂದಿಯ ವೈವಾಹಿಕ ಸ್ಥಿತಿಯನ್ನು ನೋಡಿದಾಗ ಸುಮಾರು ಶೇ. 70ರಷ್ಟು ಮಂದಿ ಮದುವೆಯಾಗಿದ್ದರು. ಕೆಲವರ ಮದುವೆ ಕಾಯಿಲೆಗೆ ಮುಂಚೆಯೇ ಆಗಿತ್ತು, ಕೆಲವರದು ನಂತರ. ಮದುವೆಯಾಗದೆ ಉಳಿದವರಲ್ಲಿ ಗಂಡಸರು ಹೆಚ್ಚು, ಸಂಸಾರ ಮುರಿದವರಲ್ಲಿ ಹೆಂಗಸರು ಹೆಚ್ಚು.

ಎಡವುವ ಮೂರು ಜಾಗಗಳು

1. ಕಾರಣ–ಪರಿಣಾಮ ತಿರುವುಮುರುವಾಗಿರಬಹುದು. ಮದುವೆಯಾದವರು ಚೆನ್ನಾಗಿದ್ದರೆ, ಅದು ಮದುವೆಯ ಫಲವೇ ಆಗಬೇಕಿಲ್ಲ. ಸ್ಕಿಜೋಫ್ರೇನಿಯಾ ಹಲವರಲ್ಲಿ ಏರಿಳಿಯುವ ಕಾಯಿಲೆ. ಲಕ್ಷಣಗಳು ಇಳಿದಿರುವಾಗಲೇ ಮನೆಯವರು ಸಂಬಂಧ ನೋಡುತ್ತಾರೆ. ಅಂದರೆ ಸುಧಾರಣೆ ಮೊದಲು, ಮದುವೆ ನಂತರ.

2. ಮೂರನೆಯ ಅಂಶವೊಂದು ಇರಬಹುದು. ಕುಟುಂಬದ ಆಸರೆ ಇರುವವರಿಗೆ ಮಾತ್ರೆಯೂ ಸಮಯಕ್ಕೆ ಸಿಗುತ್ತದೆ, ಸಂಬಂಧವೂ ಕೂಡಿಬರುತ್ತದೆ. ಔಷಧದ ವಿಷಯದಲ್ಲೂ ಇದೇ ಗೊಂದಲ. ಹೆಚ್ಚು ಮಾತ್ರೆ ತೆಗೆದುಕೊಳ್ಳುವವರು ಹೆಚ್ಚು ಅಸ್ವಸ್ಥರಾಗಿ ಕಂಡರೆ, ‘ಮಾತ್ರೆಯಿಂದಲೇ ಹೀಗಾಯಿತು’ ಎಂದು ಕೆಲವರು ನಿಲ್ಲಿಸಿಬಿಡುತ್ತಾರೆ. ಕಾಯಿಲೆ ತೀವ್ರವಾಗಿದ್ದುದರಿಂದಲೇ ವೈದ್ಯರು ಹೆಚ್ಚು ಔಷಧ ಬರೆದಿರಬಹುದು ಎಂಬುದು ಆಗ ಹೊಳೆಯುವುದಿಲ್ಲ.

3. ಕೈಬಿಟ್ಟುಹೋದವರನ್ನು ಮರೆಯಬಹುದು. ಚೆನ್ನೈ ಅಧ್ಯಯನದಲ್ಲಿ 20 ವರ್ಷಗಳ ನಂತರ ಮಾಹಿತಿ ಸಿಕ್ಕಿದ್ದು 61 ಮಂದಿಯದು. ಉಳಿದವರಲ್ಲಿ ಕೆಲವರು ತೀರಿಕೊಂಡಿದ್ದರು. ಬಿಟ್ಟುಹೋದವರು ಉಳಿದವರಿಗಿಂತ ಹೆಚ್ಚು ಅಸ್ವಸ್ಥರಾಗಿದ್ದರೆ ಫಲಿತಾಂಶ ನಿಜಕ್ಕಿಂತ ಚೆನ್ನಾಗಿ ಕಾಣುತ್ತದೆ. ಗುಣವಾಗಿ ಊರು ಬಿಟ್ಟವರೇ ಹೆಚ್ಚಿದ್ದರೆ ನಿಜಕ್ಕಿಂತ ಕೆಟ್ಟದಾಗಿ ಕಾಣುತ್ತದೆ.

ಹಾಗಾದರೆ ಏನನ್ನು ನಂಬಬಹುದು?

ವರ್ಷಗಟ್ಟಲೆಯ ದಾಖಲೆಯಿಂದ ಯಾವುದು ಮೊದಲು, ಯಾವುದು ನಂತರ ಎಂಬುದು ತಿಳಿಯುತ್ತದೆ. ಇದು ಒಂದೇ ಬಾರಿ ನಡೆಸಿದ ಸಮೀಕ್ಷೆಯಿಂದ ಸಿಗದ ಲಾಭ. ಆದರೆ ಮೊದಲು ನಡೆದದ್ದೆಲ್ಲ ಕಾರಣವಲ್ಲ. ಹೀಗಾಗಿ ಸಂಶೋಧಕರು ಒಬ್ಬರನ್ನು ಇನ್ನೊಬ್ಬರ ಜೊತೆ ಹೋಲಿಸುವುದರ ಜೊತೆಗೆ, ಅದೇ ವ್ಯಕ್ತಿಯ ಹಿಂದಿನ ಸ್ಥಿತಿಯನ್ನು ಇಂದಿನ ಸ್ಥಿತಿಯೊಂದಿಗೂ ಹೋಲಿಸುತ್ತಾರೆ. ಆರಂಭದಲ್ಲಿ ಕಾಯಿಲೆ ಎಷ್ಟು ತೀವ್ರವಾಗಿತ್ತು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಸಾಧ್ಯವಿರುವಲ್ಲಿ ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿ ಪ್ರಯೋಗ ನಡೆಸುತ್ತಾರೆ. ತಮಿಳುನಾಡು, ಗೋವಾ ಮತ್ತು ಮಹಾರಾಷ್ಟ್ರದ 282 ಸ್ಕಿಜೋಫ್ರೇನಿಯಾ ರೋಗಿಗಳೊಂದಿಗೆ ನಡೆದ ‘ಕಾಪ್ಸಿ’ ಪ್ರಯೋಗ ಅಂಥದ್ದು. ಅದರ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಆಸ್ಪತ್ರೆಯ ಚಿಕಿತ್ಸೆಯ ಜೊತೆಗೆ ತರಬೇತಿ ಪಡೆದ ಸಮುದಾಯ ಕಾರ್ಯಕರ್ತರ ನೆರವೂ ಸಿಕ್ಕವರು, 12 ತಿಂಗಳ ನಂತರ ಆಸ್ಪತ್ರೆಯ ಚಿಕಿತ್ಸೆ ಮಾತ್ರ ಪಡೆದವರಿಗಿಂತ ಸ್ವಲ್ಪ ಹೆಚ್ಚು ಸುಧಾರಿಸಿದ್ದರು. ಎರಡೂ ಗುಂಪುಗಳನ್ನು ಚೀಟಿಯೇ ಆರಿಸಿದ್ದರಿಂದ, ಈ ವ್ಯತ್ಯಾಸಕ್ಕೆ ಆ ನೆರವೇ ಕಾರಣ ಎಂದು ಹೆಚ್ಚು ಧೈರ್ಯದಿಂದ ಹೇಳಬಹುದು.

ಮದುವೆಯನ್ನು ಚೀಟಿ ಎತ್ತಿ ಹಂಚಲಾಗದು. ಆದ್ದರಿಂದ ಚೆನ್ನೈನ ಅಂಕಿಅಂಶಗಳಿಂದ ‘ಮದುವೆಯೇ ಮದ್ದು’ ಎಂದು ಹೇಳಲು ಬರುವುದಿಲ್ಲ. ಕಾಯಿಲೆಯನ್ನು ಮುಚ್ಚಿಟ್ಟು ಮದುವೆ ಮಾಡಿದರೆ ಅದರ ಹೊರೆ ಹೊರಬೇಕಾದವರು ಇಬ್ಬರು.

ನೀವೇನು ಮಾಡಬಹುದು?

‘ಇದರಿಂದ ಅದು ಆಗುತ್ತದೆ’ ಎಂಬ ಸುದ್ದಿ ಓದಿದಾಗ ಮೂರು ಪ್ರಶ್ನೆ ಕೇಳಿ:

• ಯಾವುದು ಮೊದಲು ಬಂತು?
• ಎರಡಕ್ಕೂ ಕಾರಣವಾಗುವ ಬೇರೇನಾದರೂ ಇದೆಯೇ?
• ಕೊನೆಯವರೆಗೆ ಎಷ್ಟು ಮಂದಿ ಉಳಿದರು?

ಯಾವುದೇ ಸುದ್ದಿ ಓದಿ ಔಷಧವನ್ನು ನೀವಾಗಿಯೇ ನಿಲ್ಲಿಸಬೇಡಿ, ಮೊದಲು ನಿಮ್ಮ ವೈದ್ಯರೊಂದಿಗೆ ಮಾತನಾಡಿ. ಮಾನಸಿಕ ಆರೋಗ್ಯದ ಸಲಹೆಗೆ ‘ಟೆಲಿ ಮಾನಸ್’ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲೂ ಮಾತನಾಡುತ್ತಾರೆ.